ಹಳೇ ಪಿಕಪ್‌ನ ಆಯಿಲ್ ಪ್ರೆಶರ್ ನಿಜವಾಗಿ ಏನನ್ನು ಅಳೆಯುತ್ತದೆ?

ಕೋಲಾರದ ಮಂಡಿಗೆ ಟೊಮೆಟೊ ಹೊರುವ ಹಳೇ ಡೀಸೆಲ್ ಪಿಕಪ್‌ಗಳಲ್ಲಿ ಒಂದು ಕಾಯಿಲೆ ತುಂಬಾ ಮಾಮೂಲು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಲ್ಲ ಸರಿ ಇರುತ್ತದೆ. ಲೋಡ್ ಎಳೆದು ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎಲ್ಲಾದರೂ ನಿಲ್ಲಿಸಿ ಸ್ಲೋನಲ್ಲಿ (ಆಕ್ಸಿಲರೇಟರ್ ಒತ್ತದೆ, ಐಡ್ಲಿಂಗ್‌ನಲ್ಲಿ) ಬಿಟ್ಟರೆ, ಮೀಟರ್ ಬೋರ್ಡಿನ ಕೆಂಪು ಆಯಿಲ್ ದೀಪ ಮಿಣುಕುತ್ತದೆ. ಆಕ್ಸಿಲರೇಟರ್ ಕೊಂಚ ಒತ್ತಿದರೆ ಆರಿಹೋಗುತ್ತದೆ. "ಸೆನ್ಸರ್ ಹೋಗಿದೆ ಬಿಡಣ್ಣ" ಅಂತ ಯಾರಾದರೂ ಹೇಳುತ್ತಾರೆ. ಒಮ್ಮೊಮ್ಮೆ ಅದು ನಿಜವೂ ಹೌದು. ಆದರೆ ಬಿಸಿಯಲ್ಲಿ ಮಾತ್ರ, ಸ್ಲೋನಲ್ಲಿ ಮಾತ್ರ ಹತ್ತುವ ದೀಪದ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಆಯಿಲ್ ಪಂಪ್ ಪ್ರೆಶರ್ ಕೊಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಕೊಡುವುದು ಹರಿವನ್ನು ಮಾತ್ರ. ಪಂಪಿನೊಳಗಿನ ಗೇರುಗಳು ಒಂದು ಸುತ್ತಿಗೆ ಇಷ್ಟು ಅಂತ ಎಣ್ಣೆಯನ್ನು ಮುಂದೆ ತಳ್ಳುತ್ತವೆ, ಅಷ್ಟೇ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯನ್ನು ಹೆಬ್ಬೆರಳಲ್ಲಿ ಅದುಮಿದರೆ ಒಳಗೆ ಒತ್ತಡ ಏರುತ್ತದೆ, ಬೆರಳು ತೆಗೆದರೆ ಇಳಿಯುತ್ತದೆ. ಇಂಜಿನ್‌ನಲ್ಲಿ ಆ ಬೆರಳಿನ ಕೆಲಸ ಮಾಡುವುದು, ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ಶಾಫ್ಟ್‌ಗೂ ಅದರ ಬೇರಿಂಗಿಗೂ ನಡುವಿನ ಸಂದು. ಹೊಸ ಇಂಜಿನ್‌ನಲ್ಲಿ ಅದು ಸುಮಾರು 0.05 ಮಿಲಿಮೀಟರ್ ಇರುತ್ತದೆ.

ಈ ಸಂದು ಸವೆದು ದೊಡ್ಡದಾದರೆ ಎಣ್ಣೆ ಅಲ್ಲಿಂದ ಸಲೀಸಾಗಿ ಸೋರಿ ಚೇಂಬರಿಗೆ, ಅಂದರೆ ಇಂಜಿನ್ ಅಡಿಯ ಎಣ್ಣೆ ತೊಟ್ಟಿಗೆ ಬೀಳುತ್ತದೆ. ಎಷ್ಟು ಸಲೀಸಾಗಿ? ಲೆಕ್ಕ ಸ್ವಲ್ಪ ಗಾಬರಿ ಹುಟ್ಟಿಸುತ್ತದೆ. ಒತ್ತಡ ಅಷ್ಟೇ ಇದ್ದರೆ, ಸಂದು ಎರಡು ಪಟ್ಟಾದಾಗ ಸೋರಿಕೆ ಎರಡಲ್ಲ, ಎಂಟು ಪಟ್ಟಾಗುತ್ತದೆ. ಸಂದಿನ ಅಳತೆಯ ಘನಕ್ಕೆ ತಕ್ಕಂತೆ ಅದು ಏರುತ್ತದೆ. ಅಂದರೆ ಕಣ್ಣಿಗೂ ಕಾಣದಷ್ಟು ಸವೆತವನ್ನು ಪ್ರೆಶರ್ ಗೇಜ್ ದೊಡ್ಡದು ಮಾಡಿ ತೋರಿಸುತ್ತದೆ. ಇಂಜಿನ್ ಬಿಚ್ಚದೆ ಅದರ ಹೊಟ್ಟೆಯೊಳಗಿನ ಸವೆತ ಅಳೆಯಲು ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಗೇಜ್ ತೋರಿಸುವ 3-4 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಒತ್ತಡವೇ ಕ್ರ್ಯಾಂಕನ್ನು ಎತ್ತಿ ಹಿಡಿದಿರುತ್ತದಾ? ಇಲ್ಲ. ಇದಕ್ಕೊಂದು ಒಳ್ಳೆಯ ಕಥೆ ಇದೆ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಇಂಜಿನಿಯರ್ ರೈಲು ಗಾಡಿಯ ಅಚ್ಚಿನಂಥ ಒಂದು ಬೇರಿಂಗನ್ನು ಪರೀಕ್ಷೆಗೆ ಹಚ್ಚಿದ್ದರು. ಎಣ್ಣೆ ಬಿಡಲೆಂದು ಅದರ ನೆತ್ತಿಗೆ ತೂತು ಕೊರೆಸಿದರು. ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದ ಮೇಲೆ ಉಕ್ಕಿ ಬಂತು. ಬಿರಡೆ ಜಡಿದರೆ ಅದನ್ನೂ ಹೊರಗೆ ತಳ್ಳಿತು. ಕೊನೆಗೆ ಗೇಜ್ ಸಿಕ್ಕಿಸಿ ನೋಡಿದರೆ, ಚದರ ಇಂಚಿಗೆ 200 ಪೌಂಡ್‌ವರೆಗೆ ಗುರುತಿದ್ದ ಗೇಜ್ ಪೂರ್ತಿ ತಿರುಗಿಬಿಟ್ಟಿತು. ಆ ಬೇರಿಂಗಿಗೆ ಪಂಪೇ ಇರಲಿಲ್ಲ! ತಿರುಗುವ ಶಾಫ್ಟೇ ಎಣ್ಣೆಯನ್ನು ಕಿರಿದಾಗುವ ಸಂದಿಗೆ ಎಳೆದೊಯ್ದು, ತನ್ನನ್ನು ತಾನೇ ತೇಲಿಸಿಕೊಳ್ಳುವಷ್ಟು ಒತ್ತಡ ಹುಟ್ಟಿಸಿಕೊಂಡಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದರು. ಇವತ್ತಿಗೂ ಬೇರಿಂಗ್ ವಿನ್ಯಾಸ ಮಾಡುವವರು ಶುರು ಮಾಡುವುದು ಆ ಸಮೀಕರಣದಿಂದಲೇ.

ಪಿಕಪ್‌ನ ಇಂಜಿನ್‌ನಲ್ಲೂ ಅಷ್ಟೇ. ಭಾರ ಹೊರುವುದು ಬೇರಿಂಗಿನೊಳಗೆ ತಾನಾಗಿ ಏಳುವ ನೂರಾರು ಬಾರ್ ಒತ್ತಡ. ಸೋರಿಹೋದಷ್ಟು ಎಣ್ಣೆಯನ್ನು ಮತ್ತೆ ತುಂಬಿಸುವುದು ಪಂಪಿನ ಕೆಲಸ. ಅದು ತಡವಾದರೆ ಲೋಹಕ್ಕೆ ಲೋಹ ತಾಗಿ ಬೇರಿಂಗ್ ಹಿಡಿದುಕೊಳ್ಳುತ್ತದೆ.

ಬಿಸಿಯಲ್ಲೇ ಯಾಕೆ ಬಂಡವಾಳ ಬಯಲಾಗುತ್ತದೆ ಅನ್ನೋದಕ್ಕೆ ಎಣ್ಣೆಯ ಗುಣವೇ ಉತ್ತರ. 15ಡಬ್ಲ್ಯು-40 ಆಯಿಲ್ 40 ಡಿಗ್ರಿಯಲ್ಲಿ ಇರುವಷ್ಟು ದಪ್ಪ 100 ಡಿಗ್ರಿಯಲ್ಲಿ ಇರುವುದಿಲ್ಲ, ಸುಮಾರು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಣ್ಣೆ ತೆಳು, ಮೇಲಾಗಿ ಸ್ಲೋನಲ್ಲಿ ಪಂಪ್ ತಿರುಗುವುದೂ ಕಡಿಮೆ. ಆದ್ದರಿಂದ ತಣ್ಣಗಿರುವ ಇಂಜಿನ್‌ನ ರೀಡಿಂಗಿಗೆ ಹೆಚ್ಚು ಬೆಲೆ ಇಲ್ಲ. ಆಗ ದಪ್ಪ ಎಣ್ಣೆಯಿಂದ ಪ್ರೆಶರ್ ಮೇಲೇರಿ, ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ಅದನ್ನು 4-5 ಬಾರ್ ಆಸುಪಾಸಿನಲ್ಲಿ ತಡೆದಿರುತ್ತದೆ. ಎಂಥ ಸವೆದ ಇಂಜಿನ್ನೂ ಆಗ ಹೊಸದರಂತೆ ಕಾಣಬಹುದು.

ಇನ್ನು ದೀಪವನ್ನೇ ಪೂರ್ತಿ ನಂಬಬಹುದಾ ಅಂದರೆ ಅದೂ ಕಷ್ಟ. ಸಾಮಾನ್ಯವಾಗಿ ಆ ಸ್ವಿಚ್ ದೀಪ ಹಚ್ಚುವುದು 0.3ರಿಂದ 0.5 ಬಾರ್‌ಗೆ ಇಳಿದಾಗ. ದೀಪ ಆರಿದೆ ಅಂದರೆ ಪ್ರೆಶರ್ ಅದಕ್ಕಿಂತ ಮೇಲಿದೆ ಅಂತಷ್ಟೇ. ಮುಳ್ಳಿನ ಮೀಟರ್ ಇದ್ದರೂ ಮೋಸ ಹೋಗಬಹುದು. ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ ಬಂದ ಎಷ್ಟೋ ಫೋರ್ಡ್ ಪಿಕಪ್‌ಗಳಲ್ಲಿ ಆಯಿಲ್ ಮೀಟರಿನ ಹಿಂದೆ ಇದ್ದದ್ದು ಬರೀ ಆನ್-ಆಫ್ ಸ್ವಿಚ್. ಪ್ರೆಶರ್ ಸುಮಾರು 6 ಪಿಎಸ್‌ಐ, ಅಂದರೆ 0.4 ಬಾರ್ ದಾಟಿದರೆ ಸಾಕು, ಮುಳ್ಳು ಹೋಗಿ ನಡುಮಧ್ಯೆ ನಿಲ್ಲುತ್ತಿತ್ತು. 60 ಇದ್ದರೂ ಅಲ್ಲೇ. ಮೀಟರಿನ ವೇಷ ಹಾಕಿದ ದೀಪ ಅದು, ಅಲ್ವಾ?

ಆದ್ದರಿಂದ ಮೆಕ್ಯಾನಿಕಲ್ ಗೇಜೇ ಬೇಕು. ಆಯಿಲ್ ಸ್ವಿಚ್ ಸಾಮಾನ್ಯವಾಗಿ ಫಿಲ್ಟರ್ ಹತ್ತಿರ ಬ್ಲಾಕಿನಲ್ಲಿರುತ್ತದೆ, ಒಂದೇ ವೈರ್ ಬಂದಿರುತ್ತದೆ. ಇಂಜಿನ್ ಆಫ್ ಮಾಡಿ, ಮೊದಲು ಡಿಪ್‌ಸ್ಟಿಕ್ ನೋಡಿ. ಆಮೇಲೆ ಸ್ವಿಚ್ ಬಿಚ್ಚಿ, ಅದೇ ಥ್ರೆಡ್ಡಿನ ಅಡಾಪ್ಟರ್ ಹಾಕಿ 0-10 ಬಾರ್ ಗೇಜ್ ಕೂರಿಸಬೇಕು. ಮೊದಲ ಎರಡು ಸುತ್ತು ಕೈಯಲ್ಲೇ ತಿರುಗಬೇಕು, ಬಿಗಿ ಅನ್ನಿಸಿದರೆ ಥ್ರೆಡ್ ಅಡ್ಡ ಕೂತಿದೆ ಅಂತ. ಗೇಜಿನ ಹೋಸ್ ಸೈಲೆನ್ಸರ್ ಪೈಪಿಗೂ ಫ್ಯಾನಿಗೂ ತಾಗದಂತೆ ಕಟ್ಟಿ. ಟೆಂಪರೇಚರ್ ಮುಳ್ಳು ಮೇಲೆ ಬಂತು ಅಂತ ರೀಡಿಂಗ್ ತೆಗೆಯಬೇಡಿ. ನೀರು ಬೇಗ ಬಿಸಿಯಾಗುತ್ತದೆ, ಎಣ್ಣೆ ನಿಧಾನ. ಗೇಜ್ ಹಾಕುವ ಮುಂಚೆಯೇ ಗಾಡಿಯನ್ನು ಒಂದು ಒಳ್ಳೇ ರೌಂಡ್ ಓಡಿಸಿ ತಂದರೆ ಉತ್ತಮ. ಬಿಸಿ ಎಣ್ಣೆ, ಕೈ ಜೋಪಾನ.

ಸರಿಯಾದ ಅಂಕಿ ಆಯಾ ಇಂಜಿನ್‌ನ ಮ್ಯಾನ್ಯುಯಲ್‌ನಲ್ಲಿರುತ್ತದೆ. ಬಹಳಷ್ಟು ಹಳೇ ಡೀಸೆಲ್‌ಗಳಲ್ಲಿ ಬಿಸಿ ಸ್ಲೋನಲ್ಲಿ 1 ಬಾರ್ ಹತ್ತಿರ, 2,000 ಆರ್‌ಪಿಎಂನಲ್ಲಿ 2.5 ದಾಟಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಸ್ಲೋನಲ್ಲಿ ಮಾತ್ರ ಬಿದ್ದು ರೇಸ್ ಮಾಡಿದಾಗ ಚೆನ್ನಾಗಿ ಏರಿದರೆ ಬೇರಿಂಗ್ ಸಂದಿನ ಮೇಲೆ, ಇಲ್ಲವೇ ಸವೆದ ಪಂಪಿನ ಮೇಲೆ ಅನುಮಾನ. ರೇಸ್ ಮಾಡಿದರೂ ಏರದಿದ್ದರೆ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು, ಚೇಂಬರಿನ ಜಾಲರಿ ಕೆಸರಿನಿಂದ ಕಟ್ಟಿರಬಹುದು. ಘಾಟಿ ಏರುವಾಗ, ಬ್ರೇಕ್ ಹಾಕಿದಾಗ ಮುಳ್ಳು ಕುಣಿದರೆ ಎಣ್ಣೆ ಕಡಿಮೆಯಾಗಿ ಪಂಪ್ ಗಾಳಿ ಎಳೆಯುತ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ತಾನಾಗೇ ಜಾಸ್ತಿಯಾಗಿ ಡೀಸೆಲ್ ವಾಸನೆ ಬಂದರೆ, ಡೀಸೆಲ್ ಸೇರಿ ಎಣ್ಣೆ ತೆಳುವಾಗಿದೆ. ಆಗ ಬೇರಿಂಗನ್ನು ದೂರುವ ಮೊದಲು ಇಂಜೆಕ್ಟರ್, ಡೀಸೆಲ್ ಪಂಪ್ ಕಡೆ ನೋಡಬೇಕು.

ಇನ್ನೂ ದಪ್ಪನೆಯ 20ಡಬ್ಲ್ಯು-50 ಆಯಿಲ್ ಹಾಕಿ ದೀಪ ಆರಿಸುವ ಉಪಾಯ ಎಲ್ಲರಿಗೂ ಗೊತ್ತು. ಮುಳ್ಳು ಸ್ವಲ್ಪ ಮೇಲೇಳುತ್ತದೆ, ಸಂದು ಇದ್ದಷ್ಟೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರಿಗೂ ಇದು ಗೊತ್ತು. ಕೊಳ್ಳುವವರು ಅದಕ್ಕೇ ಗಾಡಿಯನ್ನು ಚೆನ್ನಾಗಿ ಬಿಸಿ ಮಾಡಿ ನೋಡಬೇಕು.

ಅಂಕಿ ನಿಜಕ್ಕೂ ಕಡಿಮೆ ಬಂದರೆ ಚೇಂಬರ್ ಇಳಿಸಿ ಒಂದೆರಡು ಬೇರಿಂಗ್ ಕ್ಯಾಪ್ ಬಿಚ್ಚಿಸಿ. ಸಾಮಾನ್ಯವಾಗಿ ಬೇರಿಂಗಿನ ಮೈ ಮಾಸಲು ಬೂದು ಬಣ್ಣ ಇರುತ್ತದೆ. ಅದು ಸವೆದು ಒಳಗಿನ ತಾಮ್ರದ ಬಣ್ಣ ಕಂಡರೆ ಹೊಸ ಸೆಟ್ ಹಾಕುವ ಕಾಲ ಬಂದಿದೆ. ಕ್ರ್ಯಾಂಕಿನ ಮೇಲೆ ಉಗುರು ಆಡಿಸಿ ನೋಡಿ. ಗೀರಿಗೆ ಉಗುರು ಸಿಕ್ಕಿಕೊಳ್ಳದಿದ್ದರೆ, ಮೈಕ್ರೋಮೀಟರಿನಲ್ಲೂ ಅಳತೆ ಸರಿ ಬಂದರೆ, ಬೇರಿಂಗ್ ಬದಲಾಯಿಸಿದರೆ ಸಾಕಾಗಬಹುದು. ಸಿಕ್ಕಿಕೊಂಡರೆ ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋಗಬೇಕು. ಸಾಮಾನ್ಯವಾಗಿ 0.25 ಮಿಲಿಮೀಟರ್ ಇಳಿಸಿ, ಆ ಅಳತೆಗೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಕೂರಿಸುತ್ತಾರೆ. ಎಲ್ಲ ಜೋಡಿಸಿದ ಮೇಲೆ ಡೀಸೆಲ್ ಕಟ್ ಮಾಡಿ, ಗೇಜಿನ ಮುಳ್ಳು ಏಳುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಹೊಸ ಬೇರಿಂಗಿಗೆ ಎಣ್ಣೆ ತಲುಪಿದ್ದು ಖಾತ್ರಿಯಾದ ಮೇಲೆ ಸ್ಟಾರ್ಟ್ ಮಾಡಿ.