ಮುಂಬಯಿಗೆ ಡೊಂಬಿವಲಿಯೇ ಪ್ರಾಸ

ರಾಜ್ಯೋತ್ಸವದ ದಿನ ಮಕ್ಕಳು ಹಾಡಲು ಒಂದು ಮಳೆಯ ಹಾಡು ಬರೆದುಕೊಡಿ ಎಂದು ನಮ್ಮ ಕನ್ನಡ ಸಂಘದವರು ಕೇಳಿದರು. ನವೆಂಬರಿನಲ್ಲಿ ಮಳೆಯ ಹಾಡೇಕೆ ಎಂದು ನಾನು ವಿಚಾರಿಸಲಿಲ್ಲ. ಮುಂಬಯಿಯವರಿಗೆ ಹಾಡಿಕೊಳ್ಳಲು ಬೇರೆ ಋತುವಾದರೂ ಎಲ್ಲಿದೆ? ಡೊಂಬಿವಲಿಯಿಂದ ಹೊರಟ ಲೋಕಲ್ ರೈಲಿನಲ್ಲಿ ಅಪರೂಪಕ್ಕೆ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಠಾಣೆ ಬರುವಷ್ಟರಲ್ಲಿ ನಾಲ್ಕು ಸಾಲು ಸಿದ್ಧವಾಯಿತು:

ಮಳೆಯು ಬಂತು ಮುಂಬಯಿಯಲ್ಲಿ
ಕೊಡೆಯು ಅರಳಿತು ಬೀದಿಯಲ್ಲಿ
ನೀರು ನಿಂತಿತು ಹಳಿಗಳಲ್ಲಿ
ನಾನು ಉಳಿದೆ ರೈಲಿನಲ್ಲಿ

ಸಂಜೆ ಅಣ್ಣನ ಮಗಳಿಗೆ ತೋರಿಸಿದೆ. ಎಂಟನೆಯ ತರಗತಿಯ ಹುಡುಗಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. "ಚಿಕ್ಕಪ್ಪ, ಇದರಲ್ಲಿ ಯಮಕ ಎಲ್ಲಿದೆ? ನಾಲ್ಕು ಸಲವೂ ಅಲ್ಲಿ, ಅಲ್ಲಿ ಎಂದಿದ್ದೀರಿ, ಅಷ್ಟೇ" ಎಂದಳು.

ಮರಾಠಿಯಲ್ಲಿ ಪ್ರಾಸಕ್ಕೆ ಯಮಕ ಎನ್ನುತ್ತಾರೆ. ನಮ್ಮ ಅಲಂಕಾರಶಾಸ್ತ್ರದ ಯಮಕವೇ ಬೇರೆ: ಒಂದೇ ಅಕ್ಷರಗುಂಪು ಬೇರೆ ಬೇರೆ ಅರ್ಥದಲ್ಲಿ ಮರಳಿ ಬಂದರೆ ಅದು ಯಮಕ. ಇದನ್ನು ಹೇಳಿ ಮೇಲುಗೈ ಸಾಧಿಸೋಣವೆಂದುಕೊಂಡೆ. ಆದರೆ ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು.

ಕನ್ನಡದಲ್ಲಿ ಅಂತ್ಯಪ್ರಾಸ ಬಹಳ ಅಗ್ಗ. ನಮ್ಮದು ಪ್ರತ್ಯಯಗಳ ಭಾಷೆ. ನಾಮಪದಗಳಿಗೆಲ್ಲ ಅವೇ ವಿಭಕ್ತಿ ಪ್ರತ್ಯಯಗಳು, ಕ್ರಿಯಾಪದಗಳಿಗೆಲ್ಲ ಅವೇ ಆಖ್ಯಾತ ಪ್ರತ್ಯಯಗಳು. ಬರುತ್ತೇನೆ, ಹೋಗುತ್ತೇನೆ, ತಿನ್ನುತ್ತೇನೆ, ಮಲಗುತ್ತೇನೆ ಎನ್ನುತ್ತಾ ಹೋದರೆ ನಿಘಂಟು ಮುಗಿದರೂ ಪ್ರಾಸ ಮುಗಿಯುವುದಿಲ್ಲ. 1948ರಲ್ಲಿ ಕ್ಲಾಡ್ ಶಾನನ್ ಎಂಬ ಗಣಿತಜ್ಞ ಮಾಹಿತಿಯನ್ನು ಅಳೆಯುವ ಗಣಿತ ಕೊಟ್ಟಾಗ ಅದರ ತಿರುಳು ಇದೇ ಆಗಿತ್ತು: ಮುಂದೆ ಏನು ಬರುತ್ತದೆಂದು ಮೊದಲೇ ಗೊತ್ತಿದ್ದರೆ ಅದು ಬಂದಾಗ ಹೊಸದೇನೂ ತಿಳಿಯುವುದಿಲ್ಲ. 'ನಾನು' ಎಂದು ಶುರುವಾದ ವಾಕ್ಯ '-ತ್ತೇನೆ' ಎಂದು ಮುಗಿದರೆ ಕಿವಿ ಏಕೆ ಅರಳಬೇಕು? ಪದದ ಬಾಲದಲ್ಲಿ ವ್ಯಾಕರಣ ಕುಳಿತಿದೆ. ಸುದ್ದಿಯೆಲ್ಲ ಇರುವುದು ತಲೆಯ ಕಡೆ, ಧಾತುವಿನಲ್ಲಿ.

ಪ್ರತ್ಯಯ ಕಳಚಿದರೆ ಕಷ್ಟ ಶುರುವಾಗುತ್ತದೆ. 'ಮಳೆ'ಗೆ ಪ್ರಾಸ ಹುಡುಕುವಾಗ ನಾವೆಲ್ಲ ಮಾಡುವುದು ಒಂದೇ ಕೆಲಸ: 'ಳೆ'ಯನ್ನು ಹಿಡಿದುಕೊಂಡು ಮೊದಲ ಅಕ್ಷರವನ್ನು ವರ್ಣಮಾಲೆಯ ಉದ್ದಕ್ಕೂ ಉರುಳಿಸುವುದು. ಇಳೆ, ಎಳೆ, ಕಳೆ, ಕೊಳೆ, ಗಳೆ, ಬಳೆ, ಬೆಳೆ, ಮೊಳೆ, ಹೊಳೆ. ಹೀಗೆ ಉರುಳಿಸಬೇಕಾಗಿರುವುದು ನೆನಪಿನ ಕಪಾಟಿನಲ್ಲಿ ಪದಗಳ ಹಿಡಿಕೆ ಮುಂಭಾಗದಲ್ಲಿ ಇರುವುದರಿಂದ. 1966ರಲ್ಲಿ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಎಂಬ ಮನೋವಿಜ್ಞಾನಿಗಳು ಅಪರೂಪದ ಪದಗಳ ಅರ್ಥ ಓದಿ ಹೇಳಿ, ಪದ ಯಾವುದೆಂದು ವಿದ್ಯಾರ್ಥಿಗಳನ್ನು ಕೇಳಿದರು. ಪದ ನಾಲಗೆಯ ತುದಿಯಲ್ಲಿದ್ದೂ ಹೊರಬರದೆ ಚಡಪಡಿಸಿದವರು, ಅದರ ಮೊದಲ ಅಕ್ಷರವನ್ನೂ ಅದಕ್ಕೆ ಎಷ್ಟು ಉಚ್ಚಾರಾಂಶಗಳಿವೆ ಎಂಬುದನ್ನೂ ಬಹಳ ಸಲ ಸರಿಯಾಗಿಯೇ ಹೇಳಿದರು. ಪ್ರಾಸ ಹುಡುಕುವವನು ಇದೇ ಕಪಾಟನ್ನು ಹಿಂದಿನಿಂದ ತೆರೆಯಲು ಹೊರಟಿರುತ್ತಾನೆ.

ಹುಡುಗಿ ಸುಮ್ಮನೆ ಟೀಕಿಸಿ ಹೋಗಲಿಲ್ಲ, ತಾನೂ ಒಂದು ಜೋಡಿ ಕೊಟ್ಟಳು: 'ಮರ'ಕ್ಕೆ 'ಘರ್'. ಮರಾಠಿಯಲ್ಲಿ ಬರೆಯುವಾಗ ಕೊನೆಯಲ್ಲಿ ಪೂರ್ತಿ 'ರ' ಇದೆ; ಓದುವಾಗ ಅದರ ಅಕಾರ ಬಿದ್ದುಹೋಗುತ್ತದೆ. ಕನ್ನಡದ 'ಮರ'ದಲ್ಲಿ ಬರೆದ ಅಕಾರ ಬಾಯಲ್ಲೂ ಉಳಿಯುತ್ತದೆ. ಕಣ್ಣಿಗೆ ಪ್ರಾಸ, ಕಿವಿಗೆ ಅಲ್ಲ. ಇದನ್ನು ತಪ್ಪೆನ್ನಲು ನನಗೆ ಮನಸ್ಸು ಬರಲಿಲ್ಲ. ಏಕೆಂದರೆ ಓದು ಬಲ್ಲ ಎಲ್ಲರ ಕಿವಿಯಲ್ಲೂ ಒಂದು ಕಣ್ಣಿರುತ್ತದೆ. ಸೈಡನ್‌ಬರ್ಗ್ ಮತ್ತು ಟಾನೆನ್‌ಹಾಸ್ ಎಂಬ ಸಂಶೋಧಕರು 1979ರಲ್ಲಿ ಇಂಗ್ಲಿಷ್ ಪದಗಳನ್ನು ಕೇಳಿಸಿ, ಪ್ರಾಸ ಕೂಡಿದೆಯೇ ಎಂದು ಪರೀಕ್ಷಿಸಿದರು. ಪದಗಳನ್ನು ತೋರಿಸಲಿಲ್ಲ, ಬರೀ ಕೇಳಿಸಿದರು. ಆದರೂ 'ಪೈ–ಟೈ'ಯಂತೆ (pie–tie) ಕಾಗುಣಿತವೂ ಹೊಂದುವ ಜೋಡಿಯನ್ನು ಜನ ಬೇಗ ಗುರುತಿಸಿದರು. 'ರೈ–ಟೈ'ಯಂತೆ (rye–tie) ದನಿ ಒಂದೇ ಇದ್ದು ಬರವಣಿಗೆ ಬೇರೆಯಾದಾಗ ತಡವರಿಸಿದರು.

ಆದರೆ ಇಂಗ್ಲಿಷಿನ ಪ್ರಾಸಕೋಶ ಮಾಡುವವರು ಕಾಗುಣಿತವನ್ನು ನೆಚ್ಚುವಂತಿಲ್ಲ. ಕಾಫ್, ದೋ, ಥ್ರೂ, ಬೌ ಎಂಬ ನಾಲ್ಕು ಪದಗಳ ಬಾಲದಲ್ಲೂ ಅವರು ಬರೆಯುವುದು ಅವೇ ನಾಲ್ಕು ಅಕ್ಷರ: ough. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣೆಯ ನಿಘಂಟು 1,34,000ಕ್ಕೂ ಹೆಚ್ಚು ಪದಗಳನ್ನು ದನಿಗಳಾಗಿ ಬಿಡಿಸಿ ಇಟ್ಟಿದೆ. ಯಂತ್ರದ ಪ್ರಾಸಶೋಧ ಅಂಥ ಪಟ್ಟಿಯನ್ನು ಆಧರಿಸುತ್ತದೆ. ಬರೆದಂತೆ ಓದುವ ನಮಗೆ ಈ ತಾಪತ್ರಯ ಬಹುಪಾಲು ಇಲ್ಲ. ಪದಗಳನ್ನು ತಿರುಗಿಸಿ ಅಕಾರಾದಿಯಲ್ಲಿ ಜೋಡಿಸಿಬಿಟ್ಟರೆ ಪ್ರಾಸಕೋಶ ಕೈಗೆ ಬಂತು ಎಂದುಕೊಂಡು ನಾನೇ ಒಂದು ಭಾನುವಾರ ಕಂಪ್ಯೂಟರಿನ ಮುಂದೆ ಕುಳಿತೆ. 'ನೀರು' ಎಂಬುದನ್ನು ತಿರುಗಿಸಿದಾಗ ಪರದೆಯ ಮೇಲೆ ಚುಕ್ಕಿಗಳ ಒಂದು ವೃತ್ತ, ಅದಕ್ಕೆ ಜೋತುಬಿದ್ದ ಒಂದು ಕೊಂಬು, ಮುಂದೆ 'ರೀನ' ಮೂಡಿತು. ಕಂಪ್ಯೂಟರಿನಲ್ಲಿ ಲಿಪಿಗಳಿಗೆ ಸಂಕೇತ ಕೊಡುವ ಯುನಿಕೋಡಿನ ಲೆಕ್ಕದಲ್ಲಿ 'ನೀರು' ಎರಡು ಅಕ್ಷರವಲ್ಲ, ನಾಲ್ಕು ಸಂಕೇತ: ನ, ದೀರ್ಘದ ಗುಡಿಸು, ರ, ಕೊಂಬು. ತಿರುಗಿಸಿದರೆ ಕೊಂಬು ಅನಾಥವಾಗಿ ಮೊದಲಿಗೆ ಬರುತ್ತದೆ, ಗುಡಿಸು ಪಕ್ಕದ ಮನೆಗೆ ಹೋಗುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ! ಮೊದಲು ಅಕ್ಷರಗಳಾಗಿ ಬಿಡಿಸಿಕೊಂಡು ಆಮೇಲೆ ತಿರುಗಿಸಬೇಕು.

ಹಾಗೆಯೇ ಮಾಡಿದೆ. ಪಟ್ಟಿ ಬಂತು, ಪುಟಗಟ್ಟಲೆ ಉಕಾರ. ಕಲ್ಲು, ಮುಳ್ಳು, ಕಾಲು, ಹಾಲು ನಮ್ಮವೇ ಸರಿ. ವ್ಯಂಜನದಲ್ಲಿ ಮುಗಿದು ಹೊರಗಿನಿಂದ ಬಂದ ಪದಕ್ಕೂ ನಾವು ಒಂದು 'ಉ' ತೊಡಿಸಿಯೇ ಒಳಗೆ ಬಿಟ್ಟುಕೊಳ್ಳುತ್ತೇವೆ: ಬಸ್ಸು, ಕಾರು, ಟಿಕೆಟ್ಟು. ಕೊನೆಯ ಸ್ವರ ಕೂಡಿದ ಮಾತ್ರಕ್ಕೆ ಕಿವಿ ಒಪ್ಪದು.

ಹಳಬರು ಇದನ್ನು ಬೇರೆ ದಾರಿಯಿಂದ ಬಗೆಹರಿಸಿದ್ದರು. ಪ್ರಾಸವನ್ನು ಸಾಲಿನ ಕೊನೆಯಲ್ಲಲ್ಲ, ಮೊದಲಲ್ಲಿ ಇಟ್ಟರು: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಇದನ್ನು ಚರ್ಚಿಸುತ್ತದೆ. ಹತ್ತನೆಯ ಶತಮಾನದ ನಾಗವರ್ಮ ಛಂದೋಂಬುಧಿಯಲ್ಲಿ ಆರು ಬಗೆ ಹೇಳಿದ. ತಮಿಳಿನ ಎದುಗೈ, ತೆಲುಗಿನ ಪ್ರಾಸ ಕೂಡ ಎರಡನೆಯ ಅಕ್ಷರದ್ದೇ. ಪ್ರತ್ಯಯಗಳನ್ನು ಬಾಲಕ್ಕೆ ಅಂಟಿಸುವ ಈ ಭಾಷೆಗಳಿಗೆ ತಲೆಯ ಪ್ರಾಸವೇ ಹಿಡಿಸಿದ್ದು ಆಕಸ್ಮಿಕವೆಂದು ನನಗಂತೂ ಅನ್ನಿಸುವುದಿಲ್ಲ. ಅಲ್ಲಿ ಧಾತು ಸಿಗುತ್ತದೆ, ಅಲ್ಲಿ ಪ್ರಾಸಕ್ಕೆ ಬೆಲೆ ತೆರಬೇಕಾಗುತ್ತದೆ.

ಆ ಆರು ಹೆಸರುಗಳನ್ನು ಶಾಲೆಯಲ್ಲಿ ಉರು ಹೊಡೆದವರಿಗೆ ಅದೊಂದು ಮೃಗಾಲಯ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಇವತ್ತಿನ ಧ್ವನಿವಿಜ್ಞಾನಿ ನೋಡಿದರೆ ಅದು ಮೊದಲ ಉಚ್ಚಾರಾಂಶದ ಸ್ವರೂಪದ ವರ್ಗೀಕರಣ. ಹ್ರಸ್ವದ ಮುಂದೆ ಒಂಟಿ ವ್ಯಂಜನ ಬಂದರೆ ಸಿಂಹ: ಮರ, ಕಿರಿ, ಹೊರೆ. ದೀರ್ಘದ ಮುಂದೆ ಗಜ: ಊರು, ದಾರಿ, ಸೀರೆ. ನಡುವೆ ಬಿಂದು, ಅಂದರೆ ಅನುಸ್ವಾರ, ಇದ್ದರೆ ವೃಷಭ. ವಿಜಾತೀಯ ಒತ್ತಕ್ಷರಕ್ಕೆ ಶರಭ: ಭಕ್ತಿ, ಮುಕ್ತ. ಸಜಾತೀಯಕ್ಕೆ ಹಯ: ಅಕ್ಕ, ಬೆಕ್ಕು, ಸೊಕ್ಕು. ಅಜಕ್ಕೆ ವಿಸರ್ಗ ಬೇಕು, ಅಂದರೆ ದುಃಖಪಡಬೇಕು. ಸ್ವರ ಯಾವುದೆಂಬ ಹಂಗಿಲ್ಲ. ಮೊದಲ ಅಕ್ಷರದ ಬಗೆ ಮತ್ತು ಎರಡನೆಯದರ ವ್ಯಂಜನ ಹೊಂದಿದರೆ ಸಾಕು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಕಟ್ಟನ್ನು ಬಿಟ್ಟು ಬರೆಯತೊಡಗಿದರು. ಹೊಸ ಕವಿತೆಗೆ ಅದು ಬಿಡುಗಡೆಯೇ. ಆದರೆ ಮುಂಬಯಿಯಲ್ಲಿ ಯಕ್ಷಗಾನ ನೋಡಲು ಕುಳಿತ ಕರಾವಳಿಯವರ ಕಿವಿಗೆ ಭಾಗವತರ ಪದ್ಯಗಳಲ್ಲಿ ಅದು ಇಂದಿಗೂ ಬೀಳುತ್ತಲೇ ಇದೆ.

ಯಂತ್ರಕ್ಕಂತೂ ಈ ನಿಯಮ ಹೇಳಿ ಮಾಡಿಸಿದಂತಿದೆ. ಪದವನ್ನು ತಿರುಗಿಸುವುದೇ ಬೇಡ. ಪ್ರತಿ ಪದಕ್ಕೂ ಎರಡು ಗುರುತು ಅಂಟಿಸಿದರಾಯಿತು: ಯಾವ ಪ್ರಾಣಿ, ಯಾವ ವ್ಯಂಜನ. ಕನ್ನಡದ ವ್ಯಂಜನಗಳು 34. ಶರಭವೊಂದು ಸ್ವಲ್ಪ ಹರಡಿಕೊಳ್ಳುತ್ತದೆ, ಉಳಿದವೆಲ್ಲ ಅಚ್ಚುಕಟ್ಟಾದ ಗೂಡುಗಳು. ನನ್ನ ಪದಪಟ್ಟಿಗೆ ಹಾಗೆ ಮಾಡಿ, ಜೊತೆಗೆ ಮುಂಬಯಿಯ ಊರಿನ ಹೆಸರುಗಳನ್ನೂ ಸೇರಿಸಿದೆ. ಕಾಂದಿವಲಿ, ಬೊರಿವಲಿ, ಡೊಂಬಿವಲಿ ಎಂದು ಬಾಲ ಹಿಡಿದವನಿಗೆ ಮತ್ತೆ '-ಅಲ್ಲಿ'ಯ ಕಥೆಯೇ, ಎಲ್ಲವೂ ಒಂದೇ 'ವಲಿ'. ಆದರೆ ವೃಷಭದ ಬಕಾರದ ಗೂಡು ತೆರೆದರೆ ಮುಂಬಯಿಯ ಪಕ್ಕದಲ್ಲೇ ಡೊಂಬಿವಲಿ, ಚೆಂಬೂರು, ಅಂಬರನಾಥ! ಇಷ್ಟು ವರ್ಷ ಈ ಊರಿನಲ್ಲಿದ್ದು ನಾನು ಕೇಳಿಸಿಕೊಂಡಿರಲಿಲ್ಲ. ಹಾಡು ಬದಲಾಯಿತು:

ಮುಂಬಯಿಗೆ ಮುಗಿಲು ಇಳಿಯಿತಂತೆ
ಅಂಬರನಾಥಕೆ ರೈಲೇ ಇಲ್ಲ
ಡೊಂಬಿವಲಿ ನೆನೆದು ತೊಪ್ಪೆಯಾಯ್ತು
ಚೆಂಬೂರಿನಲ್ಲಿ ಬರೀ ಬಿಸಿಲು

ಕೊನೆಯಲ್ಲಿ ಒಂದೂ ಕೂಡುವುದಿಲ್ಲ, ನೋಡಿ. ಹುಡುಗಿ ಒಂದು ಸಲ ಗಟ್ಟಿಯಾಗಿ ಓದಿದಳು, ಎರಡನೆಯ ಸಲ ಓದುವಾಗ ಪ್ರತಿ ಸಾಲಿನ 'ಂಬ'ದ ಮೇಲೆ ಮೇಜು ತಟ್ಟಿದಳು. ಆಮೇಲೆ ಮುಂಬ್ರಾ ಏಕಿಲ್ಲ ಎಂದು ಕೇಳಿದಳು. ಅಲ್ಲಿ ರಕಾರದ ಒತ್ತು ಇದೆ, ಶಾಸ್ತ್ರ ಒಪ್ಪುವುದಿಲ್ಲ ಎಂದೆ. "ಡೊಂಬಿವಲಿಯಿಂದ ಹೋಗುವಾಗ ಸಿಗುತ್ತದಲ್ಲ" ಎಂದು ಐದನೆಯ ಸಾಲು ತಾನೇ ಸೇರಿಸಿಕೊಂಡಳು.

ಈಗ ನಮ್ಮಿಬ್ಬರಿಗೂ ಇದೊಂದು ಗೀಳು. ಮೊನ್ನೆ ನಿಧಾನಗತಿಯ ಲೋಕಲ್‌ನಲ್ಲಿ ಹೋಗುತ್ತಿದ್ದಾಗ ಅವಳು ನನ್ನ ತೋಳು ಜಗ್ಗಿ ಫಲಕ ತೋರಿಸಿದಳು. ಪರೇಲ್. ಅದಾದ ಮೇಲೆ ಕರೀ ರೋಡ್.

"ಸಿಂಹ" ಎಂದಳು. ಎದುರು ಕುಳಿತಿದ್ದವರು ಗಾಬರಿಯಿಂದ ಕಿಟಕಿಯ ಆಚೆ ನೋಡಿದರು.