ಕುದುರೆ ಒಂದು, ಕೆಲಸ ಎರಡು

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಡಾಕ್ಟ್ರೇ, ಕುದುರೆಗೆ ಇನ್ಶೂರೆನ್ಸ್ ಮಾಡಿಸ್ಬೇಕಿತ್ತು, ಯಾವ ಕಂಪನೀದು ಕಮ್ಮಿ ಬೀಳುತ್ತೆ?" ಕೇಳುವವರಲ್ಲಿ ಹೆಚ್ಚಿನವರು ಹೋಂಸ್ಟೇ ನಡೆಸುವವರು. ತೋಟದ ಮೂಲೆಯಲ್ಲೊಂದು ಲಾಯ, ಅದರಲ್ಲಿ ಬೆಂಗಳೂರಿನದೋ ಮೈಸೂರಿನದೋ ರೇಸ್‌ಕೋರ್ಸಿನಿಂದ ನಿವೃತ್ತಿಯಾಗಿ ಬಂದ ಒಂದು ಥರೋಬ್ರೆಡ್, ಅಂದರೆ ರೇಸ್ ತಳಿಯ ಕುದುರೆ, ಪಕ್ಕದಲ್ಲಿ ಮಕ್ಕಳಿಗೆಂದು ಒಂದು ಪೋನಿ. ನಾನು ತಿರುಗಿ ಕೇಳುವುದೂ ಒಂದೇ: "ಕುದುರೆ ಏನು ಕೆಲಸ ಮಾಡುತ್ತೆ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಕೆಲಸ ಏನಿಲ್ಲ ಡಾಕ್ಟ್ರೇ, ಸುಮ್ನೆ ಸಾಕಿದ್ದೀವಿ."

ಸುಮ್ಮನೆ ಸಾಕಿದ ಆ ಕುದುರೆಯ ಬೆನ್ನ ಮೇಲೆ ಶನಿವಾರ, ಭಾನುವಾರ ಹತ್ತು ಹದಿನೈದು ಮಂದಿ ಕೂತು ತೋಟ ಸುತ್ತಿ ಬಂದಿರುತ್ತಾರೆ.

ಕುದುರೆ ವಿಮೆಯ ಅರ್ಜಿಯಲ್ಲಿ, ಅಂದರೆ ಪ್ರಪೋಸಲ್ ಫಾರ್ಮಿನಲ್ಲಿ, ಪ್ರಾಣಿಯನ್ನು ಯಾವ ಉದ್ದೇಶಕ್ಕೆ ಬಳಸುತ್ತೀರಿ ಎಂಬ ಒಂದು ಸಾಲಿರುತ್ತದೆ. ಅದನ್ನು ತುಂಬುವವನು ಏಜೆಂಟ್. ಅವನು 'ಸ್ವಂತ ಸವಾರಿ' ಎಂದು ಬರೆಯುತ್ತಾನೆ, ನೀವು ಓದದೆ ಸಹಿ ಹಾಕುತ್ತೀರಿ. ಜೀವವಿಮೆಯ ಫಾರ್ಮಿಗೂ ಹೀಗೇ ಹಾಕಿದ್ದೀರಿ, ನನಗೆ ಗೊತ್ತು. ಆದರೆ ಇಲ್ಲಿ ಆ ಒಂದು ಸಾಲಿನ ಮೇಲೆ ಇಡೀ ಪಾಲಿಸಿ ನಿಂತಿದೆ. ಬರೆದುಕೊಟ್ಟ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ, ಕಂಪನಿಯ ಒಪ್ಪಿಗೆಯಿಲ್ಲದೆ ಬಳಸಿದರೆ ಪರಿಹಾರ ಇಲ್ಲ ಎಂಬ ಷರತ್ತು ಜಾನುವಾರು ಪಾಲಿಸಿಗಳಲ್ಲಿ ಸಾಮಾನ್ಯ. ಮನೆಯವರು ಕೂತರೆ ಸ್ವಂತ ಸವಾರಿ. ಗೆಸ್ಟ್ ಕೂತರೆ, ದುಡ್ಡು ಕೊಟ್ಟು ಕೂತರೂ 'ಪ್ಯಾಕೇಜಿನಲ್ಲಿ ಫ್ರೀ' ಎಂದು ಕೂತರೂ, ಅದು ಸ್ವಂತ ಸವಾರಿ ಅಲ್ಲ. "ನಾವೇನು ಬಾಡಿಗೆ ತಗೊಳ್ಳಲ್ಲವಲ್ಲ" ಎಂದು ವಾದಿಸುವವರಿಗೆ ಹೇಳುವುದಿಷ್ಟು: ವಾದ ಮಾಡಬೇಕಾದ್ದು ನನ್ನ ಹತ್ತಿರ ಅಲ್ಲ. ಅತಿಥಿಗಳನ್ನು ಕೂರಿಸುತ್ತೇವೆ ಎಂದು ಮೊದಲೇ ಬರೆಯಿರಿ. ಈಗಾಗಲೇ ಪಾಲಿಸಿ ಆಗಿದ್ದರೆ ಲಿಖಿತವಾಗಿ ತಿಳಿಸಿ, ಪಾಲಿಸಿಗೆ ತಿದ್ದುಪಡಿ, ಅಂದರೆ ಎಂಡಾರ್ಸ್‌ಮೆಂಟ್ ಹಾಕಿಸಿಕೊಳ್ಳಿ. ಬಾಯಲ್ಲಿ ಏಜೆಂಟನಿಗೆ ಹೇಳಿದ್ದು ಕ್ಲೇಮಿನ ದಿನ ಯಾರಿಗೂ ನೆನಪಿರುವುದಿಲ್ಲ.

ಇದನ್ನು ಮುಚ್ಚಿಟ್ಟು ಉಳಿಸುವುದಾದರೂ ಎಷ್ಟು? ಲೆಕ್ಕ ಹಾಕೋಣ. ಕುದುರೆಯ ಬೆಲೆ 2 ಲಕ್ಷ, ಪ್ರೀಮಿಯಂ ದರ ಶೇ. 4 ಎಂದಿಟ್ಟುಕೊಳ್ಳಿ. ವರ್ಷಕ್ಕೆ 8,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 9,440. ಅತಿಥಿಗಳನ್ನು ಕೂರಿಸುತ್ತೇವೆ ಎಂದಿದ್ದಕ್ಕೆ ಕಂಪನಿ ಶೇ. 5 ಕೇಳಿತು ಎನ್ನಿ, 11,800 ಆಯಿತು. ವ್ಯತ್ಯಾಸ 2,360. ನಿಮ್ಮ ಹೋಂಸ್ಟೇಯ ಒಂದು ರೂಮಿನ ವಾರಾಂತ್ಯದ ಒಂದು ರಾತ್ರಿಯ ಬಾಡಿಗೆ ಇದಕ್ಕಿಂತ ಜಾಸ್ತಿ ಇದೆ. ಈ ದರಗಳು ಲೆಕ್ಕಕ್ಕಾಗಿ ಹೇಳಿದ್ದು. ಕುದುರೆಯ ವಯಸ್ಸು, ಕೆಲಸ, ಕಂಪನಿ ನೋಡಿಕೊಂಡು ಬದಲಾಗುತ್ತವೆ.

ಮೂರು ವರ್ಷದ ಹಿಂದಿನ ಮಾತು. ಕೊಡಗಿನ ಗೋಣಿಕೊಪ್ಪದ ಆಚೆಯ ಒಂದು ತೋಟದಲ್ಲಿ ಕಂದು ಬಣ್ಣದ ಹೆಣ್ಣು ಕುದುರೆಯೊಂದು ಮೋರಿಯ ಕಲ್ಲಿನ ಸಂದಿಗೆ ಕಾಲು ಸಿಕ್ಕಿಸಿಕೊಂಡು ಮೂಳೆ ಮುರಿದುಕೊಂಡಿತು. ಬೆನ್ನ ಮೇಲೆ ಗೆಸ್ಟ್ ಇದ್ದ. ಪುಣ್ಯಕ್ಕೆ ಅವನಿಗೆ ಮೊಣಕೈ ತರಚಿದ್ದಷ್ಟೆ. ನಾನು ಹೋದಾಗ ಕುದುರೆ ಮೂರು ಕಾಲಲ್ಲಿ ನಿಂತು ನಡುಗುತ್ತಿತ್ತು, ಮುರಿದ ಕಾಲಿನ ಗೊರಸು ಬೇರೆಲ್ಲೋ ನೋಡುತ್ತಿತ್ತು. ಉಳಿಸುವ ದಾರಿ ಇರಲಿಲ್ಲ. ಗುಣವಾಗದ ನೋವಿನಿಂದ ಬಿಡಿಸಲು ದಯಾಮರಣ ಕೊಡಬೇಕಾಗಿ ಬಂದರೆ, ಪಶುವೈದ್ಯರ ಪ್ರಮಾಣಪತ್ರದ ಮೇಲೆ ಅದನ್ನು ಒಪ್ಪುವ ಷರತ್ತು ಪಾಲಿಸಿಗಳಲ್ಲಿ ಇರುತ್ತದೆ. ಆ ಕಾಗದವನ್ನು ನಾನು ಸರಿಯಾಗಿಯೇ ಬರೆದೆ. ನಷ್ಟ ಪರಿಶೀಲಿಸುವ ಸರ್ವೇಯರ್ ಬಂದ, ಎಲ್ಲ ಓದಿದ, ಕಾಫಿ ಕುಡಿದ, ಜೇಬಿನಿಂದ ಫೋನ್ ತೆಗೆದ. ಹೋಂಸ್ಟೇಯವರದೇ ಇನ್‌ಸ್ಟಾಗ್ರಾಂ. ಅದೇ ಕುದುರೆ, ಬೆನ್ನ ಮೇಲೆ ವಾರಕ್ಕೊಬ್ಬ ಹೊಸಬ. ಪಾಲಿಸಿಯಲ್ಲಿ 'ಸ್ವಂತ ಸವಾರಿ'.

ಅವತ್ತು ಸಂಜೆ ಯಜಮಾನರು ನನ್ನ ಕ್ಲಿನಿಕ್ಕಿಗೆ ಬಂದರು. "ಮೇಯ್ತಿದ್ದಾಗ ಬಿತ್ತು ಅಂತ ಒಂದು ಗೆರೆ ಬರೆದುಕೊಡಿ ಡಾಕ್ಟ್ರೇ." ಬರೆಯಲಿಲ್ಲ. ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಆಮೇಲೊಂದು ರಾತ್ರಿ ಹನ್ನೊಂದು ಗಂಟೆಗೆ ಪೋನಿಗೆ ಹೊಟ್ಟೆಶೂಲೆ ಬಂದು ಅದು ನೆಲದಲ್ಲಿ ಹೊರಳುತ್ತಿದ್ದಾಗ ಅವರೇ ಫೋನ್ ಮಾಡಿದರು. ಪೋನಿ ಬದುಕಿತು. ಬೆಳಗಿನ ಜಾವ ಅಕ್ಕಿ ಒಟ್ಟಿ, ಜೇನು ಇಟ್ಟು ಕೂರಿಸಿದರು. ಹಳೆಯ ಮಾತು ಇಬ್ಬರೂ ಎತ್ತಲಿಲ್ಲ.

ಆದರೆ ಎರಡು ದಿನ ಬಿಟ್ಟು ಆ ರಾತ್ರಿಯ ಬಿಲ್ಲು ಹಿಡಿದು, "ಇದನ್ನ ಕ್ಲೇಮ್ ಮಾಡಬಹುದಾ?" ಎಂದರು. ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕುದುರೆ ಪಾಲಿಸಿ ಸಾವಿಗೆ ಕೊಡುತ್ತದೆ, ಚಿಕಿತ್ಸೆಗಲ್ಲ. ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ಶಾಶ್ವತ ಅಂಗವೈಕಲ್ಯವನ್ನೂ ಸೇರಿಸಿಕೊಳ್ಳಬಹುದು, ಅದಕ್ಕೆ ಸಾಮಾನ್ಯವಾಗಿ ಪೂರ್ತಿ ಮೊತ್ತ ಸಿಗುವುದಿಲ್ಲ. ಅಲ್ಲಿಯೂ ನೋಡಿ, ಕುದುರೆ ಯಾವ ಕೆಲಸಕ್ಕೆ ಬಾರದಾಯಿತು ಎಂದು ಅಳೆಯುವುದು ಫಾರ್ಮಿನಲ್ಲಿ ನೀವು ಬರೆದ ಕೆಲಸದ ಮೇಲೆಯೇ. 'ಸುಮ್ನೆ ಸಾಕಿದ' ಕುದುರೆ ಕುಂಟಿದರೆ ಯಾವ ಕೆಲಸ ನಿಂತಿತು ಹೇಳಿ? ಗೆಸ್ಟ್ ಬಿದ್ದು ಕೈ ಮುರಿದುಕೊಂಡರೆ ಅದೂ ಇದರಲ್ಲಿ ಬರುವುದಿಲ್ಲ. ಅದಕ್ಕೆ ಹೊಣೆಗಾರಿಕೆ ವಿಮೆ ಬೇರೆ.

ಇನ್ನೊಂದು ತಲೆನೋವು ಗುರುತಿನದು. ಕೊಳ್ಳುವಾಗ ನಮ್ಮವರು ಕುದುರೆಯ ಸುಳಿ ನೋಡುವಷ್ಟು ಶ್ರದ್ಧೆಯಿಂದ ಹೆಣ್ಣಿನ ಜಾತಕವನ್ನೂ ನೋಡುವುದಿಲ್ಲ. ಹಣೆಯಲ್ಲಿ ಜೋಡಿ ಸುಳಿ ಇದ್ದರೆ ಹೀಗಂತೆ, ಕತ್ತಿನಲ್ಲಿದ್ದರೆ ಹಾಗಂತೆ. ವಿಮೆಯ ಹೊತ್ತಿಗೆ ಮಾತ್ರ 'ಕಂದು, ಹೆಣ್ಣು' ಎಂದು ಎರಡೇ ಮಾತು. ಕೊಡಗಿನ ಲಾಯಗಳಲ್ಲಿರುವ ಅರ್ಧಕ್ಕರ್ಧ ಕುದುರೆ ಕಂದೇ. ಶುಭ ಅಶುಭ ಗೊತ್ತಿಲ್ಲ, ಆದರೆ ಸುಳಿ ಒಳ್ಳೆಯ ಗುರುತು. ಕೂದಲು ಸುತ್ತಿಕೊಳ್ಳುವ ಆ ಜಾಗ ಸಾಯುವವರೆಗೂ ಬದಲಾಗುವುದಿಲ್ಲ. ಹಣೆಯ ಬಿಳಿ ನಾಮ, ಯಾವ ಕಾಲಿಗೆ ಎಷ್ಟೆತ್ತರದವರೆಗೆ ಬಿಳಿ, ಸುಳಿ ಎಲ್ಲೆಲ್ಲಿ, ಎಲ್ಲವನ್ನೂ ಚಿತ್ರದಲ್ಲಿ ಗುರುತು ಹಾಕಿಸಿ. ರೇಸಿನಿಂದ ಬಂದ ಕುದುರೆಯಾದರೆ ಅದರ ಪಾಸ್‌ಪೋರ್ಟಿನಲ್ಲಿ ಈ ಚಿತ್ರ ಇರುತ್ತದೆ. ಮಾರಿದವನಿಂದ ಅದನ್ನು ಕೇಳಿ ಪಡೆಯಿರಿ. ಕತ್ತಿನ ಎಡಭಾಗದಲ್ಲಿ ಹಾಕುವ ಮೈಕ್ರೋಚಿಪ್ಪಿನ 15 ಅಂಕಿಯ ಸಂಖ್ಯೆ ಪಾಲಿಸಿಯಲ್ಲಿ ಬರೆದಿದ್ದರೆ ಇನ್ನೂ ಒಳ್ಳೆಯದು.

ವಯಸ್ಸಿನ ವಿಷಯದಲ್ಲಿ ನಿಮಗಿಂತ ನಿಮಗೆ ಮಾರಿದವನ ಮೇಲೆ ನನಗೆ ಸಿಟ್ಟು. ಎಂಟು ವರ್ಷ ಎಂದು ಕೊಟ್ಟಿರುತ್ತಾನೆ. ಬಾಯಿ ಬಿಡಿಸಿದರೆ ಮೇಲಿನ ಮೂಲೆಯ ಬಾಚಿಹಲ್ಲಿನಲ್ಲಿ ಕಂದು ಗೀರು ಅರ್ಧದವರೆಗೆ ಇಳಿದಿರುತ್ತದೆ. ಆ ಗೀರು ಒಸಡಿನಿಂದ ಹೊರಗೆ ಕಾಣುವುದೇ ಹತ್ತರ ಹೊತ್ತಿಗೆ, ಅರ್ಧ ತಲುಪುವುದು ಹದಿನೈದರ ಆಸುಪಾಸು. ವಿಮೆಗೆ ವಯಸ್ಸಿನ ಮಿತಿ ಇದೆ. ಬೆಲೆಯನ್ನೂ 'ಇದರ ಅಪ್ಪ ಡರ್ಬಿ ಓಡಿತ್ತು' ಎಂಬ ಕಥೆಯ ಮೇಲೆ ಏರಿಸಬೇಡಿ. ಐದು ಲಕ್ಷಕ್ಕೆ ಪ್ರೀಮಿಯಂ ಕಟ್ಟಿದರೂ ಕಂಪನಿ ನೋಡುವುದು ಮಾರುಕಟ್ಟೆ ಬೆಲೆಯನ್ನು.

ಹಾಗಾದರೆ ಯಾವ ಕಂಪನಿ? ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್ ಎಂಬ ನಾಲ್ಕು ಸರ್ಕಾರಿ ಕಂಪನಿಗಳಿವೆ, ಖಾಸಗಿಯವೂ ಇವೆ. ಹೆಸರು ಹಿಡಿದು ಇದೇ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಶಾಖೆಗೆ ಹೋಗಿ, ಇದುವರೆಗೆ ಹಸು ಬಿಟ್ಟು ಕುದುರೆಯ ಕ್ಲೇಮ್ ಕೊಟ್ಟಿದ್ದೀರಾ ಎಂದು ಕೇಳಿ. ಆಗಸ್ಟಿನ ಮಳೆಯಲ್ಲಿ ನಮ್ಮ ತೋಟಕ್ಕೆ ಸರ್ವೇಯರ್ ಎಲ್ಲಿಂದ ಬರುತ್ತಾನೆ ಎಂದು ಕೇಳಿ. 2018ರಲ್ಲಿ ಮಕ್ಕಂದೂರು ಕಡೆ ಗುಡ್ಡ ಜರಿದಾಗ ಮನುಷ್ಯರೇ ಓಡಾಡಲಾಗಲಿಲ್ಲ. ಆನೆ ತುಳಿದರೆ, ಸಿಡಿಲು ಬಡಿದರೆ, ಹಾವು ಕಚ್ಚಿದರೆ ಸೇರುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮೊದಲ ಹದಿನೈದು ದಿನ ಕಾಯಿಲೆಯ ಸಾವಿಗೆ ಸಾಮಾನ್ಯವಾಗಿ ರಕ್ಷಣೆ ಇರುವುದಿಲ್ಲ ಎಂಬುದೂ ಗೊತ್ತಿರಲಿ. ರಾಷ್ಟ್ರೀಯ ಜಾನುವಾರು ಮಿಷನ್ನಿನ ವಿಮೆಯಲ್ಲಿ 2024ರಿಂದ ಮಾಲೀಕರ ಪಾಲು ಪ್ರೀಮಿಯಂನ ಶೇ. 15ಕ್ಕೆ ಇಳಿದಿದೆ. ನಿಮ್ಮ ಕುದುರೆಗೆ ಅದು ಅನ್ವಯವಾಗುತ್ತದೆಯೇ ಎಂದು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಯೂ ಕೆಲಸ ಏನು ಎಂದು ಕೇಳುತ್ತಾರೆ.

ಕುದುರೆ ಸತ್ತರೆ ದಯವಿಟ್ಟು ತಕ್ಷಣ ಜೆಸಿಬಿ ಕರೆಯಬೇಡಿ. ಮೊದಲು ಕಂಪನಿಗೆ ತಿಳಿಸಿ, ಸಮಯ ಬರೆದಿಟ್ಟುಕೊಳ್ಳಿ. ತಿಳಿಸಿದ ಮೇಲೆ 24 ಗಂಟೆ ಶವ ನೋಡಲು ಅವಕಾಶ ಕೊಡಬೇಕೆಂದು ಹಲವು ಪಾಲಿಸಿಗಳು ಹೇಳುತ್ತವೆ. ಮರಣೋತ್ತರ ಪರೀಕ್ಷೆ ಆಗಲೇಬೇಕು. ಜುಲೈ ತಿಂಗಳಲ್ಲಿ, ಹೂತು ಎರಡು ದಿನವಾದದ್ದನ್ನು ತೆಗೆಸಿ ಒಮ್ಮೆ ಮಾಡಿದ್ದೇನೆ. ಆ ದಿನ ಹಾಕಿದ್ದ ಅಂಗಿಯನ್ನು ಮನೆಯವಳು ಒಳಗೆ ತರಲು ಬಿಡಲಿಲ್ಲ.

ಗುರುತಿನ ಫೋಟೊಗೆ ಬರುವವರು ಮೇ ಮುಗಿಯುವುದರೊಳಗೆ ಬನ್ನಿ. ಜೂನ್ ದಾಟಿದ ಮೇಲೆ ನಮ್ಮಲ್ಲಿ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡಿರುತ್ತದೆ, ಯಾವ ಕಾಲು ಬಿಳಿ ಎಂದು ಕುದುರೆಗೂ ಗೊತ್ತಾಗುವುದಿಲ್ಲ. ಬರುವಾಗ ಆ ಫಾರ್ಮನ್ನು ಖಾಲಿಯಾಗಿಯೇ ತನ್ನಿ, ಏಜೆಂಟನ ಕೈಗೆ ಕೊಡುವ ಮೊದಲು.