ಅಂಗಾಂಶ ಗುರುತಿಸುವುದು: ಸ್ಲೈಡಿನಲ್ಲಿ ಮೊದಲು ಎಲ್ಲಿ ನೋಡಬೇಕು?

ಮನುಷ್ಯನ ದೇಹದಲ್ಲಿ ಅಂಗಾಂಶಗಳು ನಾಲ್ಕು ಬಗೆ: ಅನುಲೇಪಕ, ಸಂಯೋಜಕ, ಸ್ನಾಯು ಮತ್ತು ನರ. ಇಷ್ಟು ನಮಗೆಲ್ಲ ಬಾಯಿಪಾಠ. ಕಷ್ಟ ಶುರುವಾಗುವುದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಗುಲಾಬಿ, ನೇರಳೆ ಬಿಟ್ಟು ಬೇರೇನೂ ಕಾಣದೆ ಹೋದಾಗ. "ಯಾವ ಅಂಗಾಂಶ, ಎಲ್ಲಿ ಸಿಗುತ್ತದೆ" ಎಂಬ ಪಟ್ಟಿಯನ್ನು ಉರುಹೊಡೆದವರೂ ಅಲ್ಲಿ ತಡವರಿಸುತ್ತಾರೆ. ಪಟ್ಟಿಗಿಂತ ಒಂದು ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತದೆ: ಆ ಜಾಗ ಏನನ್ನು ತಾಳಿಕೊಳ್ಳಬೇಕು, ಏನನ್ನು ದಾಟಿಸಬೇಕು? ಇದಕ್ಕೆ ಉತ್ತರ ಸಿಕ್ಕರೆ ಅಲ್ಲಿ ಯಾವ ಬಗೆಯ ಕೋಶಗಳಿರಬೇಕು ಎಂಬುದು ಬಹುಮಟ್ಟಿಗೆ ಊಹೆಗೆ ಸಿಗುತ್ತದೆ.

ಬಣ್ಣದ ವಿಷಯ ಮೊದಲು ಮುಗಿಸೋಣ. ಸಾಮಾನ್ಯ ಸ್ಲೈಡುಗಳಲ್ಲಿ ಎರಡು ಬಣ್ಣ ಬಳಸಿರುತ್ತಾರೆ. ಹೀಮಟಾಕ್ಸಿಲಿನ್ ಕೋಶಕೇಂದ್ರಗಳನ್ನು ನೀಲಿ-ನೇರಳೆ ಮಾಡುತ್ತದೆ. ಇಯೋಸಿನ್ ಕೋಶದ್ರವ್ಯವನ್ನೂ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳನ್ನೂ ಗುಲಾಬಿ ಮಾಡುತ್ತದೆ. ಅಂದರೆ ಸ್ನಾಯುವೂ ಗುಲಾಬಿ, ಕೊಲಾಜನ್ನೂ ಗುಲಾಬಿ. ಬಣ್ಣ ನೋಡಿ ಹೆಸರು ಹೇಳಲು ಹೋದರೆ ತಪ್ಪುವುದು ಖಚಿತ. ಕೋಶಕೇಂದ್ರ ಎಲ್ಲಿದೆ, ಯಾವ ಆಕಾರದಲ್ಲಿದೆ, ಪಕ್ಕದ ಕೋಶಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದೇ ನಿಜವಾದ ಸುಳಿವು.

ಕಡಿಮೆ ವರ್ಧನೆಯಲ್ಲಿ ಶುರುಮಾಡಿ, ಮೊದಲು ತೆರೆದ ಅಂಚನ್ನು ಹುಡುಕಿ. ಖಾಲಿ ಜಾಗಕ್ಕೆ ಮುಖಮಾಡಿ ಕೋಶಗಳು ಒತ್ತೊತ್ತಾಗಿ ಸಾಲುಗಟ್ಟಿದ್ದರೆ ಅದು ಅನುಲೇಪಕ. ಕೋಶಗಳು ದೂರದೂರ ನಿಂತು ನಡುವೆ ನಾರೋ ಗಟ್ಟಿ ವಸ್ತುವೋ ದ್ರವವೋ ತುಂಬಿದ್ದರೆ ಸಂಯೋಜಕ. ನಡುವೆ ಜಾಗವೇ ಇಲ್ಲದೆ ಉದ್ದುದ್ದ ಕೋಶಗಳೇ ಗುಲಾಬಿ ರಾಶಿಯಾಗಿದ್ದರೆ ಸ್ನಾಯು. ಮಾಸಲು ಹಿನ್ನೆಲೆಯಲ್ಲಿ ಅಲ್ಲೊಂದು ಇಲ್ಲೊಂದು ದೊಡ್ಡ ಕೋಶ, ಸುತ್ತ ಸಣ್ಣಸಣ್ಣ ಕೋಶಕೇಂದ್ರಗಳು ಇದ್ದರೆ ನರ ಅಂಗಾಂಶ.

ಅನುಲೇಪಕ

ಹೆಚ್ಚು ಹೊತ್ತು ಕೊಡಬೇಕಾದ ಬಗೆ ಇದು. ಹೆಸರಿಡುವಾಗ ಎರಡು ಸಂಗತಿ ಸಾಕು: ಎಷ್ಟು ಪದರ, ಕೋಶದ ಆಕಾರ ಏನು. ಹಲವು ಪದರಗಳಿದ್ದರೆ ಮೇಲ್ಪದರದ ಕೋಶಗಳ ಆಕಾರವನ್ನೇ ಹೆಸರಿಗೆ ತೆಗೆದುಕೊಳ್ಳಬೇಕು. ಬಹುಪದರದ ಶಲ್ಕ (ಚಪ್ಪಟೆ ಕೋಶದ) ಅನುಲೇಪಕದಲ್ಲೂ ತಳದ ಕೋಶಗಳು ಘನಾಕೃತಿಯಲ್ಲೇ ಇರುತ್ತವೆ, ಹಾಗಾಗಿ ಕಣ್ಣು ತಳದಲ್ಲಿ ನಿಂತರೆ ಹೆಸರು ತಪ್ಪಾಗುತ್ತದೆ.

ಅನಿಲವೋ ದ್ರವವೋ ಬೇಗ ದಾಟಬೇಕಾದ ಕಡೆ ಒಂದೇ ಪದರ, ಅದೂ ತೆಳ್ಳಗೆ ಚಪ್ಪಟೆ: ಶ್ವಾಸಕೋಶದ ಗಾಳಿಗೂಡುಗಳು, ರಕ್ತನಾಳಗಳ ಒಳಮೈ. ಇಲ್ಲಿ ಕೋಶ ಎಷ್ಟು ತೆಳುವೆಂದರೆ ಅಂಚಿನಲ್ಲಿ ಉಬ್ಬಿದ ಕೋಶಕೇಂದ್ರ ಮಾತ್ರ ಕಾಣುತ್ತದೆ. ಹೀರುವ, ಸ್ರವಿಸುವ ಕೆಲಸಕ್ಕೆ ಕೋಶದೊಳಗೆ ಯಂತ್ರೋಪಕರಣ ಬೇಕು, ಆದ್ದರಿಂದ ಎತ್ತರವೂ ಬೇಕು. ಮೂತ್ರಪಿಂಡದ ನಾಳಿಕೆಗಳಲ್ಲಿ, ಥೈರಾಯ್ಡ್ ಕೋಶಕಗಳಲ್ಲಿ ಘನಾಕೃತಿ. ಜಠರದಿಂದ ದೊಡ್ಡಕರುಳಿನವರೆಗೆ ಸ್ತಂಭಾಕೃತಿ. ಕರುಳಿನ ಸಾಲಿನಲ್ಲಿ ನಡುನಡುವೆ ಲೋಳೆ ತುಂಬಿದ, ಮಾಸಲಾಗಿ ಉಬ್ಬಿದ ಗಾಬ್ಲೆಟ್ ಕೋಶಗಳಿರುತ್ತವೆ. ಪಿತ್ತಕೋಶದ ಒಳಮೈಯೂ ಸ್ತಂಭಾಕೃತಿಯೇ, ಮಡಿಕೆಗಳೂ ಇವೆ. ಆದರೆ ಅಲ್ಲಿ ಗಾಬ್ಲೆಟ್ ಕೋಶಗಳಿಲ್ಲ. ಕರುಳೋ ಪಿತ್ತಕೋಶವೋ ಎಂಬ ಗೊಂದಲಕ್ಕೆ ಇದಕ್ಕಿಂತ ಒಳ್ಳೆಯ ಪರಿಹಾರ ನನಗೆ ಗೊತ್ತಿಲ್ಲ.

ಉಜ್ಜಾಟ ಇರುವ ಕಡೆ ಹಲವು ಪದರ. ಮೇಲಿನವು ಸವೆದು ಉದುರಿದರೂ ತಳದಿಂದ ಹೊಸವು ಬರುತ್ತಲೇ ಇರುತ್ತವೆ. ಬಾಯಿ, ಅನ್ನನಾಳ, ಯೋನಿಗಳಲ್ಲಿ ಮೇಲ್ಪದರದ ಚಪ್ಪಟೆ ಕೋಶಗಳಿಗೂ ಕೋಶಕೇಂದ್ರ ಇರುತ್ತದೆ. ಚರ್ಮಕ್ಕೆ ಒಣಗುವಿಕೆಯನ್ನೂ ತಡೆಯಬೇಕು. ಅಲ್ಲಿ ತುದಿಯ ಕೋಶಗಳು ಸತ್ತು, ಕೋಶಕೇಂದ್ರ ಕಳೆದುಕೊಂಡು ಕೆರಾಟಿನ್ ಪದರವಾಗುತ್ತವೆ. ಅಂಗೈ, ಅಂಗಾಲಿನಲ್ಲಿ ಈ ಪದರ ಬಹಳ ದಪ್ಪ.

ಈ ತರ್ಕವನ್ನು ಪರೀಕ್ಷಿಸಲು ಗಂಟಲು ನೋಡಿ. ಮೂಗಿನಿಂದ ಶ್ವಾಸನಾಳದವರೆಗೆ ಬಹುಪಾಲು ಲೋಮಾಂಗಗಳುಳ್ಳ (ಕೂದಲಿನಂಥ, ಅಲುಗಾಡುವ ಸಣ್ಣ ಎಳೆಗಳುಳ್ಳ) ಮಿಥ್ಯಾಬಹುಪದರ ಅನುಲೇಪಕವೇ. ಆದರೆ ನಡುವೆ ಧ್ವನಿತಂತುಗಳ ಮೇಲೆ ಅದು ನಿಂತು ಬಹುಪದರದ ಶಲ್ಕ ಅನುಲೇಪಕ ಬರುತ್ತದೆ. ಮಾತಾಡುವಾಗ ಆ ಎರಡು ಅಂಚುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಒಂದಕ್ಕೊಂದು ಬಡಿಯುತ್ತವೆ. ಲೋಮಾಂಗಗಳು ಅದನ್ನು ತಾಳುವುದಿಲ್ಲ. ದೀರ್ಘಕಾಲ ಧೂಮಪಾನ ಮಾಡುವವರ ಶ್ವಾಸನಾಳಗಳಲ್ಲೂ ಇದೇ ಬದಲಾವಣೆ ಕಾಣಬಹುದು: ಲೋಮಾಂಗದ ಪದರ ಹೋಗಿ ಶಲ್ಕ ಪದರ ಬರುತ್ತದೆ. ಹೊಗೆಯನ್ನು ಅದು ಹೆಚ್ಚು ತಾಳಬಹುದು, ಆದರೆ ಕಫವನ್ನು ಮೇಲಕ್ಕೆ ತಳ್ಳುವ ಕೆಲಸ ನಿಂತುಹೋಗುತ್ತದೆ.

ಮಿಥ್ಯಾಬಹುಪದರದಲ್ಲಿ ಕೋಶಕೇಂದ್ರಗಳು ಎರಡು ಮೂರು ಎತ್ತರದಲ್ಲಿರುವುದರಿಂದ ಹಲವು ಪದರಗಳಿರುವಂತೆ ತೋರುತ್ತದೆ. ವಾಸ್ತವದಲ್ಲಿ ಪ್ರತಿ ಕೋಶವೂ ತಳದಲ್ಲಿರುವ ತೆಳುವಾದ ಆಧಾರ ಪೊರೆಯನ್ನು ಮುಟ್ಟಿರುತ್ತದೆ. ಮೇಲಂಚಿನಲ್ಲಿ ಲೋಮಾಂಗ ಕಂಡರೆ ಉಸಿರಾಟದ ದಾರಿ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಬರೆಯಬಹುದು. ಒಂದು ಎಚ್ಚರಿಕೆ: ಓರೆಯಾಗಿ ಕತ್ತರಿಸಿದರೆ ಒಂದೇ ಪದರದ ಅನುಲೇಪಕವೂ ಹಲವು ಪದರದಂತೆ ಕಾಣುತ್ತದೆ. ಕಂಡ ಮೊದಲ ಜಾಗಕ್ಕೆ ಅಂಟಿಕೊಳ್ಳದೆ ಸ್ಲೈಡ್ ಸರಿಸಿ, ಕತ್ತರಿ ನೇರವಾಗಿ ಬಿದ್ದಿರುವ ಭಾಗ ಹುಡುಕಬೇಕು.

ಮೂತ್ರಕೋಶ ಮತ್ತು ಮೂತ್ರನಾಳಗಳದು ಬೇರೆಯೇ ಸಮಸ್ಯೆ: ಹಿಗ್ಗಬೇಕು, ಆದರೆ ಸೋರಬಾರದು. ಅಲ್ಲಿರುವ ಸ್ಥಿತ್ಯಂತರ ಅನುಲೇಪಕದ ಮೇಲ್ಪದರದಲ್ಲಿ ಗುಮ್ಮಟದಂತೆ ಉಬ್ಬಿದ ದೊಡ್ಡ ಕೋಶಗಳು, ಕೆಲವದರಲ್ಲಿ ಎರಡೆರಡು ಕೋಶಕೇಂದ್ರ. ಮೂತ್ರಕೋಶ ತುಂಬಿದಾಗ ಇದೇ ಪದರ ಚಪ್ಪಟೆಯಾಗಿ ತೆಳುವಾಗುತ್ತದೆ.

ಸಂಯೋಜಕ

ಇಲ್ಲಿ ಕೋಶಕ್ಕಿಂತ ಕೋಶಗಳ ನಡುವೆ ತುಂಬಿದ ವಸ್ತು, ಅಂದರೆ ಮಾತೃಕೆಯೇ ಮುಖ್ಯ. ರಕ್ತದಲ್ಲಿ ಮಾತೃಕೆ ದ್ರವರೂಪದ ಪ್ಲಾಸ್ಮಾ. ಅದನ್ನು ಗುರುತಿಸಲು ಯಾರಿಗೂ ಕಷ್ಟವಿಲ್ಲ. ಕೆಂಪು ರಕ್ತಕಣದ ವ್ಯಾಸ ಸುಮಾರು 7.5 ಮೈಕ್ರೊಮೀಟರ್ ಎಂಬುದನ್ನು ಮಾತ್ರ ನೆನಪಿಡಿ. ಹೆಚ್ಚಿನ ಸ್ಲೈಡುಗಳಲ್ಲಿ ಒಂದಾದರೂ ರಕ್ತನಾಳ ಇರುತ್ತದೆ, ಅದರೊಳಗಿನ ಕಣ ಅಳತೆಪಟ್ಟಿಯಾಗುತ್ತದೆ.

ಕೊಬ್ಬಿನ ಅಂಗಾಂಶ ಖಾಲಿ ಗೂಡುಗಳ ಬಲೆಯಂತೆ ಕಾಣುತ್ತದೆ. ಸ್ಲೈಡ್ ತಯಾರಿಸುವಾಗ ಬಳಸುವ ದ್ರಾವಕಗಳಲ್ಲಿ ಕೊಬ್ಬು ಕರಗಿಹೋಗಿರುತ್ತದೆ. ಕೋಶಕೇಂದ್ರ ಒಂದು ಮೂಲೆಗೆ ಒತ್ತಿಕೊಂಡಿರುತ್ತದೆ. ಚರ್ಮದಡಿಯಲ್ಲಿ, ಮೂತ್ರಪಿಂಡದ ಸುತ್ತ ಇದು ಸಿಗುತ್ತದೆ.

ಸ್ನಾಯುರಜ್ಜು ಸ್ನಾಯುವನ್ನು ಮೂಳೆಗೆ, ಅಸ್ಥಿರಜ್ಜು ಮೂಳೆಯನ್ನು ಮೂಳೆಗೆ ಜೋಡಿಸುತ್ತದೆ. ಎಳೆತ ಒಂದೇ ದಿಕ್ಕಿನಲ್ಲಿ, ಹಾಗಾಗಿ ಕೊಲಾಜನ್ ನಾರುಗಳೂ ಸಮಾನಾಂತರ. ಚರ್ಮದ ಒಳಪದರಕ್ಕೆ ಎಳೆತ ಎಲ್ಲ ಕಡೆಯಿಂದ ಬರುತ್ತದೆ, ಅಲ್ಲಿ ನಾರುಗಳು ಅಡ್ಡಾದಿಡ್ಡಿ.

ಮೃದ್ವಸ್ಥಿಯಲ್ಲಿ ಕೋಶಗಳು ಸಣ್ಣ ಗೂಡುಗಳಲ್ಲಿ ಒಂಟಿಯಾಗಿಯೋ ಗುಂಪಾಗಿಯೋ ಕೂತಿರುತ್ತವೆ. ಮಾತೃಕೆ ನಯವಾಗಿ, ನಾರು ಕಾಣದಂತಿದ್ದರೆ ಕಾಚಾಭ ಮೃದ್ವಸ್ಥಿ: ಶ್ವಾಸನಾಳದ ಉಂಗುರಗಳು, ಪಕ್ಕೆಲುಬುಗಳ ಮುಂತುದಿ, ಕೀಲುಗಳ ಮೇಲ್ಮೈ. ಕಿವಿಯ ಹಾಲೆಯಂತೆ ಬಾಗಿ ಮತ್ತೆ ನೆಟ್ಟಗಾಗಬೇಕಾದ ಕಡೆ ಸ್ಥಿತಿಸ್ಥಾಪಕ ನಾರುಗಳು ಸೇರಿರುತ್ತವೆ. ಬೆನ್ನೆಲುಬಿನ ಬಿಲ್ಲೆಗಳಲ್ಲಿ ಒತ್ತಡವೂ ಎಳೆತವೂ ಇರುವುದರಿಂದ ದಪ್ಪ ಕೊಲಾಜನ್ ಕಟ್ಟುಗಳ ನಡುವೆ ಕೋಶಗಳ ಸಾಲು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಗಾಯವಾದರೆ ಬೇಗ ವಾಸಿಯಾಗದಿರುವುದು ಅದಕ್ಕೇ. ಮೂಳೆಯಲ್ಲಾದರೆ ನಡುವೆ ರಕ್ತನಾಳದ ಕಾಲುವೆ, ಸುತ್ತ ವೃತ್ತವೃತ್ತವಾಗಿ ಪದರಗಳು. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ಫ್ರಾನ್ಸಿನ ಅಂಗರಚನಾಶಾಸ್ತ್ರಜ್ಞ ಕ್ಸೇವಿಯರ್ ಬಿಶಾ 1800ರ ಸುಮಾರಿಗೆ ಸೂಕ್ಷ್ಮದರ್ಶಕ ಬಳಸದೆಯೇ 21 ಬಗೆಯ ಅಂಗಾಂಶಗಳನ್ನು ಬೇರ್ಪಡಿಸಿದ್ದ. ಕುದಿಸಿ, ಒಣಗಿಸಿ, ಆಮ್ಲದಲ್ಲಿಟ್ಟು ಯಾವುದು ಹೇಗೆ ವರ್ತಿಸುತ್ತದೆಂದು ನೋಡುವುದು ಅವನ ವಿಧಾನ. ನಮ್ಮ ಕೈಯಲ್ಲಿ ಇಂಥ ಉಪಕರಣವಿರುವಾಗ ಆ ಸಾಧನೆ ಎಷ್ಟು ದೊಡ್ಡದೆಂದು ಇನ್ನೂ ಚೆನ್ನಾಗಿ ಅರಿವಾಗುತ್ತದೆ.

ಸ್ನಾಯು, ಮತ್ತು ಅದನ್ನು ಹೋಲುವವು

ಅಸ್ಥಿಸ್ನಾಯುವಿನಲ್ಲಿ ಉದ್ದನೆಯ ಎಳೆ, ಅಡ್ಡಪಟ್ಟೆ, ಅಂಚಿಗೆ ಸರಿದ ಹಲವು ಕೋಶಕೇಂದ್ರಗಳು. ಹೃದಯಸ್ನಾಯುವಿನಲ್ಲೂ ಪಟ್ಟೆ ಇದೆ, ಆದರೆ ಎಳೆ ಕವಲೊಡೆಯುತ್ತದೆ, ಕೋಶಕೇಂದ್ರ ಒಂದೋ ಎರಡೋ, ಅದೂ ನಡುವೆ. ಕೋಶಗಳು ಸೇರುವಲ್ಲಿ ಗಾಢವಾದ ಅಡ್ಡಗೆರೆ. ನಯಸ್ನಾಯುವಿಗೆ ಪಟ್ಟೆ ಇಲ್ಲ, ಕದಿರಿನಾಕಾರದ ಕೋಶದ ನಡುವೆ ಒಂದೇ ಕೋಶಕೇಂದ್ರ. ಜಾಗ: ಕರುಳು, ರಕ್ತನಾಳ, ಗರ್ಭಕೋಶಗಳ ಗೋಡೆ. ಅನ್ನನಾಳ ಇಲ್ಲಿ ವಿಶೇಷ. ಅದರ ಮೇಲ್ಭಾಗದಲ್ಲಿ ಪಟ್ಟೆಯಿರುವ ಸ್ನಾಯು, ಕೆಳಭಾಗದಲ್ಲಿ ನಯಸ್ನಾಯು, ನಡುವೆ ಎರಡೂ ಬೆರೆತಿರುತ್ತವೆ.

ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಹೋಗುವುದು ನಯಸ್ನಾಯು, ಸ್ನಾಯುರಜ್ಜು ಮತ್ತು ನರ, ಈ ಮೂರನ್ನು ಉದ್ದಕ್ಕೆ ಕತ್ತರಿಸಿದಾಗ. ಮೂರೂ ಗುಲಾಬಿ, ಮೂರರಲ್ಲೂ ಉದ್ದನೆಯ ಕೋಶಕೇಂದ್ರ. ಕೋಶಕೇಂದ್ರ ಗುಲಾಬಿ ಭಾಗದ ಒಳಗಿದೆಯೋ, ಎರಡು ಎಳೆಗಳ ನಡುವಿನ ಸಂದಿಯಲ್ಲಿದೆಯೋ ನೋಡಿ. ಒಳಗಿದ್ದರೆ ನಯಸ್ನಾಯು. ಸಂದಿಯಲ್ಲಿ, ತೆಳ್ಳಗೆ, ವಿರಳವಾಗಿದ್ದರೆ ಸ್ನಾಯುರಜ್ಜು. ಎಳೆಗಳು ಅಲೆಅಲೆಯಾಗಿ ಮಾಸಲಾಗಿದ್ದು, ಇಡೀ ಕಟ್ಟಿನ ಸುತ್ತ ಒಂದು ಹೊದಿಕೆ ಇದ್ದರೆ ನರ.

ಮಿದುಳು ಮತ್ತು ಮಿದುಳುಬಳ್ಳಿಯಲ್ಲಿ ನರಕೋಶದ ಗುರುತು ಬೇರೆ: ದೊಡ್ಡ ಕೋಶ, ತಿಳಿಯಾದ ದುಂಡು ಕೋಶಕೇಂದ್ರ, ಅದರ ನಡುವೆ ಎದ್ದು ಕಾಣುವ ಕಪ್ಪು ಚುಕ್ಕೆ.

ಅಭ್ಯಾಸಕ್ಕೆ ಒಂದೇ ಸ್ಲೈಡ್ ಆರಿಸಬೇಕೆಂದರೆ ಸಣ್ಣಕರುಳಿನ ಗೋಡೆಯನ್ನು ಆರಿಸಿ, ನಾಲ್ಕೂ ಬಗೆ ಅಲ್ಲೇ ಸಿಗುತ್ತವೆ. ಒಳಗಿನಿಂದ ಹೊರಗೆ ಬನ್ನಿ: ಮೊದಲು ಗಾಬ್ಲೆಟ್ ಕೋಶಗಳಿರುವ ಸ್ತಂಭಾಕೃತಿಯ ಸಾಲು, ಅದರಡಿ ಸಡಿಲ ಸಂಯೋಜಕ, ಆಮೇಲೆ ನಯಸ್ನಾಯುವಿನ ಎರಡು ಪದರ, ಒಂದು ವೃತ್ತಾಕಾರ, ಇನ್ನೊಂದು ಉದ್ದುದ್ದ. ಆ ಎರಡರ ನಡುವಿನ ಸಂದಿಯಲ್ಲಿ ಹೆಚ್ಚಿನ ವರ್ಧನೆಯಲ್ಲಿ ಹುಡುಕಿದರೆ ನರಕೋಶಗಳ ಪುಟ್ಟ ಗುಂಪುಗಳು ಸಿಗುತ್ತವೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಇನ್ನೂ ಹೊರಗೆ ಹೋಗಿ: ಗೋಡೆಯ ಹೊರ ಅಂಚಿನಲ್ಲಿ ಮತ್ತೊಂದು ತೆರೆದ ಮೇಲ್ಮೈ ಇದೆ, ಉದರದ ಕುಹರಕ್ಕೆ ಮುಖಮಾಡಿದ ಒಂದೇ ಪದರದ ಚಪ್ಪಟೆ ಅನುಲೇಪಕ. ಕರುಳಿನ ಸುರುಳಿಗಳು ಒಂದರ ಮೇಲೊಂದು ಜಾರುವುದು ಈ ಪದರ ನಯವಾಗಿ, ತೇವವಾಗಿ ಇರುವುದರಿಂದ.